ವರ್ಕ್ ಪರ್ಮಿಟ್ ಮುಗಿದಿದೆ, ಪಿಆರ್ ಬರುವುದರಲ್ಲಿದೆ: ಸುಮ್ಮನೆ ಕಾಯಬಹುದೇ?

ಕೆನಡಾದಲ್ಲಿ ವರ್ಕ್ ಪರ್ಮಿಟ್ ಮುಗಿದು 38 ದಿನವಾಗಿದೆ, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕುಶಲ ಕೆಲಸಗಾರರ ದಾರಿಯಲ್ಲಿ ಹಾಕಿದ ಪಿಆರ್ (ಕಾಯಂ ವಾಸದ) ಅರ್ಜಿಗೆ ಸ್ವೀಕೃತಿ ಬಂದಿದೆ, ಈಗ ರೆಸ್ಟೊರೇಷನ್‌ಗೆ, ಅಂದರೆ ಕಳೆದುಹೋದ ಸ್ಟೇಟಸ್ (ಇಲ್ಲಿ ಇರಲು ಕಾನೂನಿನ ಅನುಮತಿ) ಮರಳಿ ಕೇಳಲು, ಅರ್ಜಿ ಹಾಕಿದರೆ ಮಲಗಿದ ಹುಲಿಯನ್ನು ಎಬ್ಬಿಸಿದಂತೆ ಎಂದು ಗೆಳೆಯರು ಹೇಳುತ್ತಿದ್ದಾರೆ, ಕಾಯಲೇ ಹಾಕಲೇ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ 2018ರ ನವೆಂಬರ್ ನೆನಪಾಯಿತು. ಆಗ ನನಗೆ 36 ದಿನವಾಗಿತ್ತು. ನಿಮಗಾದರೋ ಮುಗಿದದ್ದು ಗೊತ್ತಿದೆ. ನನಗೆ ಗೊತ್ತೇ ಇರಲಿಲ್ಲ.

ಅಂದು ಸೋಮವಾರ. ಟೊರಾಂಟೊ ಪಕ್ಕದ ಮಿಸ್ಸಿಸಾಗಾದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ. ಮೈಕ್ರೋಮೀಟರ್ ಹಿಡಿದು ಶಾಫ್ಟ್‌ಗಳನ್ನು ಅಳೆಯುತ್ತಿದ್ದಾಗ ಸಂಬಳ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಹೆಂಗಸು ಕರೆದು, ನಿನ್ನ ಸಿನ್ ಅವಧಿ ಮುಗಿದಿದೆಯಲ್ಲ, ಹೊಸ ಪರ್ಮಿಟ್‌ನ ಪ್ರತಿ ಕೊಡುತ್ತೀಯಾ ಎಂದು ಕೇಳಿದರು. ಸಿನ್ ಎಂದರೆ ಇಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ಸಂಖ್ಯೆ. ನಮ್ಮಂಥ ತಾತ್ಕಾಲಿಕ ಜನರದ್ದು 9ರಿಂದ ಶುರುವಾಗುತ್ತದೆ, ಅದಕ್ಕೊಂದು ಕೊನೆಯ ದಿನಾಂಕವಿರುತ್ತದೆ, ಆ ದಿನಾಂಕ ಪರ್ಮಿಟ್‌ನದ್ದೇ ಆಗಿರುತ್ತದೆ. ನಾನು ನಕ್ಕು, ನನ್ನ ಪರ್ಮಿಟ್ 2019ರ ಜೂನ್‌ವರೆಗೆ ಇದೆ ಎಂದೆ. ಅವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. 2018 ಅಕ್ಟೋಬರ್ 14.

ಮಿಲಿಮೀಟರಿನ ನೂರನೆಯ ಒಂದು ಭಾಗದ ಹೆಚ್ಚುಕಡಿಮೆಯನ್ನು ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಎಂಟು ತಿಂಗಳ ವ್ಯತ್ಯಾಸ ಎರಡೂವರೆ ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ತಪ್ಪನ್ನು ಬಿಡಿಸಿ ಹೇಳಿಬಿಡುತ್ತೇನೆ, ಏಕೆಂದರೆ ಇಂದಿಗೂ ಯಾರಾದರೂ ಹೊಸಬರು ಸಿಕ್ಕರೆ ಮೊದಲು ಅದನ್ನೇ ಕೇಳುತ್ತೇನೆ. ಆಗ ಎರಡು ವರ್ಷದ ಡಿಪ್ಲೊಮಾ ಓದಿದವರಿಗೆ ಓದು ಮುಗಿದ ಮೇಲೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತಿತ್ತು. 2016ರ ಜೂನ್‌ನಲ್ಲಿ ನನಗೂ ಅದು ಬಂತು. ನಮ್ಮ ಬ್ರಾಂಪ್ಟನ್ ಬೇಸ್‌ಮೆಂಟಿನಲ್ಲಿ ನಾವು ನಾಲ್ವರು, ಒಂದೇ ಕಾಲೇಜು, ಒಂದೇ ವಾರದಲ್ಲಿ ನಾಲ್ವರಿಗೂ ಪತ್ರ ಬಂತು. ಹಾಸನದ ಹುಡುಗ ತನ್ನದನ್ನು ತೆರೆದು 'ಮೂರು ವರ್ಷ ಕಣೋ' ಎಂದು ಕುಣಿದ. ನಾನೂ ಕುಣಿದೆ. ನನ್ನ ಕಾಗದವನ್ನು ಪ್ಲಾಸ್ಟಿಕ್ ಕಡತಕ್ಕೆ ಸೇರಿಸಿ, ಮೊಬೈಲ್‌ನಲ್ಲಿ '2019 ಜೂನ್' ಎಂದು ಗುರುತು ಹಾಕಿಕೊಂಡೆ. ಅಂದರೆ ನಾನು ಗುರುತು ಹಾಕಿದ್ದು ಅವನ ಪರ್ಮಿಟ್‌ನ ದಿನಾಂಕ!

ಪಾಸ್‌ಪೋರ್ಟ್ ಮುಗಿಯುವ ದಿನವನ್ನು ದಾಟಿ ವರ್ಕ್ ಪರ್ಮಿಟ್ ಕೊಡುವುದಿಲ್ಲ. ಇದೊಂದು ನಿಯಮ ನನಗೆ ತಿಳಿದಿರಲಿಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಎಂದಾದರೂ ಬೇಕಾದೀತು ಎಂದು ಅಪ್ಪ ಬಲವಂತ ಮಾಡಿ, ಬೆಂಗಳೂರಿನ ಕೋರಮಂಗಲದ ಕಚೇರಿಯ ಸಾಲಿನಲ್ಲಿ ನಿಲ್ಲಿಸಿ ಮಾಡಿಸಿದ ಪಾಸ್‌ಪೋರ್ಟ್ ಅದು. 2008ರ ಅಕ್ಟೋಬರ್‌ನಲ್ಲಿ ಕೊಟ್ಟದ್ದು, ಹತ್ತು ವರ್ಷದ್ದು. ಅಪ್ಪನ ಮುಂದಾಲೋಚನೆಯೇ ಹೀಗೆ ಕಾಲಿಗೆ ತೊಡರಿಕೊಂಡಿತು. ಹಾಸನದವನು ಕೆನಡಾಕ್ಕೆ ಬರುವ ಮುನ್ನ ಮಾಡಿಸಿದ್ದ, ಆದ್ದರಿಂದ ಅವನಿಗೆ ಪೂರ್ತಿ ಮೂರು ವರ್ಷ ಸಿಕ್ಕಿತು.

ಇನ್ನೂ ನಾಚಿಕೆಯ ಮಾತೆಂದರೆ, ಪಾಸ್‌ಪೋರ್ಟ್ ಮುಗಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಿಆರ್ ಅರ್ಜಿಗೆ ಬೇಕಲ್ಲ ಎಂದು 2018ರ ಜುಲೈನಲ್ಲಿ ಹೊಸದನ್ನು ಮಾಡಿಸಿಕೊಂಡೆ. ಮೂಲೆ ಕತ್ತರಿಸಿದ ಹಳೆಯದು, ಹೊಸದು, ಅದರಡಿಯಲ್ಲಿ ಪರ್ಮಿಟ್, ಮೂರನ್ನೂ ಒಂದೇ ರಬ್ಬರ್ ಬ್ಯಾಂಡ್ ಹಾಕಿ ಒಂದೇ ಕಡತದಲ್ಲಿ ಇಟ್ಟಿದ್ದೆ. ಹಳೆಯ ಪಾಸ್‌ಪೋರ್ಟ್‌ನಲ್ಲೂ ಅಕ್ಟೋಬರ್ 14, ಪರ್ಮಿಟ್‌ನಲ್ಲೂ ಅಕ್ಟೋಬರ್ 14. ಹೊಸ ಪಾಸ್‌ಪೋರ್ಟ್ ಬಂದ ದಿನವೇ ಪರ್ಮಿಟ್‌ನ ಉಳಿದ ಎಂಟು ತಿಂಗಳನ್ನು ಕೇಳಿ ಅರ್ಜಿ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಅವಧಿ ಮುಗಿಯುವ ಮೊದಲು ಅರ್ಜಿ ಹಾಕಿದವರು ತೀರ್ಮಾನ ಬರುವವರೆಗೆ ಹಳೆಯ ಷರತ್ತುಗಳ ಮೇಲೆಯೇ ಕೆಲಸ ಮಾಡುತ್ತಿರಬಹುದು. ಹಿಂದೆ ಇದನ್ನು ಇಂಪ್ಲೈಡ್ ಸ್ಟೇಟಸ್ ಎನ್ನುತ್ತಿದ್ದರು, ಈಗ ಮೇಂಟೇನ್ಡ್ ಸ್ಟೇಟಸ್ ಎನ್ನುತ್ತಾರೆ. ಒಂದು ದಿನ ತಡವಾದರೂ ಅದು ಸಿಗುವುದಿಲ್ಲ.

ಆಗಸ್ಟ್‌ನಲ್ಲಿ ಪಿಆರ್ ಆಹ್ವಾನ ಬಂತು, ಸೆಪ್ಟೆಂಬರ್‌ನಲ್ಲಿ ಅರ್ಜಿ ಹೋಯಿತು. ವಲಸೆ ಅರ್ಜಿಗಳನ್ನು ನೋಡಿಕೊಳ್ಳುವ ಕನ್ಸಲ್ಟೆಂಟ್ ಒಬ್ಬರು ತುಂಬಿದ್ದರು. ಸದ್ಯದ ಸ್ಟೇಟಸ್ ಎಂದಿನವರೆಗೆ ಎಂಬ ಜಾಗದಲ್ಲಿ ಅವರು ಸರಿಯಾಗಿಯೇ ಅಕ್ಟೋಬರ್ 14 ಎಂದು ಬರೆದಿದ್ದರು. ಬರೆದವರು ಕೇಳಲಿಲ್ಲ, ಸಹಿ ಹಾಕಿದವನು ಓದಲಿಲ್ಲ. ಅವರನ್ನು ಬಹಳ ದಿನ ಬೈದುಕೊಂಡೆ. ಆದರೆ ಎಂದು ಕೆನಡಾ ಬಿಡಬೇಕು ಎಂಬ ಸಾಲು ನನ್ನ ಪರ್ಮಿಟ್‌ನ ಮೇಲೆಯೇ ಇತ್ತು. ನನ್ನ ಕಾಗದವನ್ನು ನಾನೇ ಓದದ ಮೇಲೆ ಬೇರೆಯವರನ್ನು ಬೈದು ಏನು ಬಂತು?

ಇಷ್ಟಾದ ಮೇಲೆ ಆ ಸೋಮವಾರ ನಾನು ಏನು ಮಾಡಿದೆ ಗೊತ್ತೇ? ಊಟ ಮುಗಿಸಿ ಮತ್ತೆ ಯಂತ್ರದ ಮುಂದೆ ಹೋಗಿ ನಿಂತೆ. ಪಿಆರ್ ಅರ್ಜಿಯ ಸ್ವೀಕೃತಿ ಇದೆಯಲ್ಲ, ಅದೇ ಕಾಪಾಡುತ್ತದೆ ಎಂದುಕೊಂಡೆ. ನಿಮ್ಮ ಗೆಳೆಯರೂ ಇದನ್ನೇ ಹೇಳುತ್ತಿದ್ದಾರೆ. ಸಂಜೆ ವಕೀಲರೊಬ್ಬರಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಮಾತು 'ಈಗ ಎಲ್ಲಿದ್ದೀಯ?' ಕಾರ್ಖಾನೆಯಲ್ಲಿ ಎಂದೆ. 'ಹೊರಗೆ ಬಾ, ಆಮೇಲೆ ಮಾತಾಡೋಣ' ಎಂದರು.

ಆ ಸ್ವೀಕೃತಿ ಎನ್ನುವುದು ಅಂಚೆ ಕಚೇರಿಯ ರಸೀದಿಯಂಥದ್ದು. ನಿಮ್ಮ ಲಕೋಟೆ ತಲುಪಿದೆ ಎನ್ನುತ್ತದೆ, ಅಷ್ಟೇ. ಪಿಆರ್ ಅರ್ಜಿ ಬಾಕಿ ಇದೆ ಎಂಬ ಕಾರಣಕ್ಕೆ ಯಾರಿಗೂ ಈ ದೇಶದಲ್ಲಿ ಸ್ಟೇಟಸ್ ಹುಟ್ಟುವುದಿಲ್ಲ, ಕೆಲಸದ ಹಕ್ಕಂತೂ ಹುಟ್ಟುವುದೇ ಇಲ್ಲ. ಸ್ಪೌಸ್ ವರ್ಗದಲ್ಲಿ, ಅಂದರೆ ಗಂಡ ಅಥವಾ ಹೆಂಡತಿಯ ಮೂಲಕ, ಕೆನಡಾದ ಒಳಗಿಂದ ಹಾಕಿದವರಿಗೆ ಸ್ಟೇಟಸ್ ಕಳೆದುಹೋದದ್ದನ್ನು ಮನ್ನಿಸುವ ಒಂದು ನೀತಿ ಇದೆ. ನಿಮ್ಮ ಗೆಳೆಯರು ಅಂಥವರ ಕತೆ ಕೇಳಿ ನಿಮಗೆ ಹೇಳುತ್ತಿರಬಹುದು. ನೀವು ಎಕ್ಸ್‌ಪ್ರೆಸ್ ಎಂಟ್ರಿಯವರು. ಆ ಔದಾರ್ಯ ನಿಮಗಿಲ್ಲ.

ಅಲ್ಲದೆ ಯಾವ ಹುಲಿ ಸ್ವಾಮಿ ಮಲಗಿರುವುದು? ನಿಮ್ಮ ಪರ್ಮಿಟ್‌ನ ದಿನಾಂಕವನ್ನು ಬರೆದವರು ವಲಸೆ ಇಲಾಖೆಯವರೇ. ಪಿಆರ್ ಅರ್ಜಿ ನೋಡುವ ಅಧಿಕಾರಿಯ ಮುಂದೆ ಅದು ಇದ್ದೇ ಇರುತ್ತದೆ. ಅವಧಿ ಮುಗಿದು 90 ದಿನದೊಳಗೆ ಅರ್ಜಿ ಹಾಕಿ ಸ್ಟೇಟಸ್ ಮರಳಿ ಕೇಳಲು ಕಾನೂನು ಅವಕಾಶ ಕೊಟ್ಟಿದೆ. ಆ ಬಾಗಿಲು ತೆರೆದಿದ್ದಾಗ ಹೊಕ್ಕವನನ್ನೂ, ಗೊತ್ತಿದ್ದೂ ಮುಚ್ಚುವವರೆಗೆ ಕೂತವನನ್ನೂ ಅಧಿಕಾರಿ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆಯೇ? ಆದ್ದರಿಂದ ಹಾಕಲೇ ಕಾಯಲೇ ಎನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಪ್ರಶ್ನೆ ಇರುವುದು ನೀವು ಮರೆಸಿಟ್ಟ ಒಂದು ಸಾಲಿನಲ್ಲಿ: 'ಮ್ಯಾನೇಜರ್ ಸದ್ಯಕ್ಕೆ ಮನೆಯಿಂದ ಕೆಲಸ ಮಾಡು ಎಂದಿದ್ದಾರೆ.' ಅಂದರೆ ನೀವಿನ್ನೂ ಕೆಲಸ ಮಾಡುತ್ತಿದ್ದೀರಿ. ಮನೆಯಿಂದ ಮಾಡಿದರೂ ಕೆಲಸ ಕೆಲಸವೇ. ಇವತ್ತೇ ನಿಲ್ಲಿಸಿ. ಅರ್ಜಿಯನ್ನು ನಾಳೆ ಹಾಕಿದರೂ ನಡೆಯುತ್ತದೆ, ಕೆಲಸವನ್ನು ನಾಳೆ ನಿಲ್ಲಿಸಿದರೆ ನಡೆಯುವುದಿಲ್ಲ. ರೆಸ್ಟೊರೇಷನ್ ಅರ್ಜಿ ಹಾಕಿದ ಮಾತ್ರಕ್ಕೂ ಕೆಲಸ ಮಾಡುವಂತಿಲ್ಲ. ಒಪ್ಪಿಗೆ ಬಂದು ಹೊಸ ಪರ್ಮಿಟ್ ಕೈಗೆ ಸಿಗಬೇಕು. ಅನೇಕರು ಎಡವುವುದು ಇಲ್ಲಿಯೇ.

ನಾನು 46ನೆಯ ದಿನ ಹಾಕಿದೆ. ಐಎಂಎಂ 5710 ಎಂಬ ಅದೇ ನಮೂನೆ, ವರ್ಕ್ ಪರ್ಮಿಟ್ ಮುಂದುವರಿಸಲು ಬಳಸುವುದೇ. ಅದರಲ್ಲಿ ಸ್ಟೇಟಸ್ ಮರಳಿ ಕೇಳುವ ಚೌಕವೊಂದಿದೆ, ಅದಕ್ಕೆ ಗುರುತು ಹಾಕಬೇಕು. ಆಗಿನ ಶುಲ್ಕ ರೆಸ್ಟೊರೇಷನ್‌ಗೆ 200, ಪರ್ಮಿಟ್‌ಗೆ 155, ಓಪನ್ ಪರ್ಮಿಟ್ (ಯಾವ ಕಂಪನಿಯಲ್ಲಾದರೂ ದುಡಿಯಬಹುದಾದದ್ದು) ಆದ್ದರಿಂದ ಇನ್ನೊಂದು 100, ಒಟ್ಟು 455 ಡಾಲರ್. ಈಗ ಹೆಚ್ಚಾಗಿದೆ, ಇಲಾಖೆಯ ಶುಲ್ಕಪಟ್ಟಿ ನೋಡಿಯೇ ಕಟ್ಟಿ.

ಜೊತೆಗೆ ಒಂದು ವಿವರಣೆ ಪತ್ರ. ನಾನು ಮೊದಲು ಬರೆದದ್ದು ನಾಲ್ಕು ಪುಟ. ಅಮ್ಮನ ಸಕ್ಕರೆ ಕಾಯಿಲೆ, ತಂಗಿಯ ಮದುವೆ, ಕನ್ಸಲ್ಟೆಂಟ್‌ನ ಬೇಜವಾಬ್ದಾರಿ, ಕೆನಡಾದ ಮೇಲಿನ ನನ್ನ ಪ್ರೀತಿ, ಎಲ್ಲವೂ ಅದರಲ್ಲಿತ್ತು. ವಕೀಲರು ಪೆನ್ಸಿಲ್ ಹಿಡಿದು ಮೂರು ಪುಟವನ್ನು ಹೊಡೆದುಹಾಕಿದರು. ಉಳಿದದ್ದು ಇಷ್ಟು: ಪರ್ಮಿಟ್ ಎಂದು ಮುಗಿಯಿತು, ಏಕೆ ಗಮನಿಸಲಿಲ್ಲ, ಎಂದು ಗೊತ್ತಾಯಿತು, ಅಂದಿನಿಂದ ಕೆಲಸ ನಿಲ್ಲಿಸಿದ್ದೇನೆ. ನಡುವಿನ 36 ದಿನ ಅನುಮತಿಯಿಲ್ಲದೆ ದುಡಿದದ್ದನ್ನೂ ಮುಚ್ಚಿಡದೆ ಬರೆದೆವು. ಕೊನೆಯ ದಿನ ಯಾವುದೆಂದು ಕಾರ್ಖಾನೆಯವರ ಪತ್ರವನ್ನೂ ಲಗತ್ತಿಸಿದೆವು. ಅದೇ ವಿಷಯವನ್ನು ಪಿಆರ್ ಕಡತಕ್ಕೂ ತಿಳಿಸಿದೆವು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಹೇಳಿದರೆ ತಪ್ಪು ಮಾಹಿತಿ ಕೊಟ್ಟ ಆರೋಪ ಬರುತ್ತದೆ. ಅದಕ್ಕೆ ಐದು ವರ್ಷದ ನಿಷೇಧವಿದೆ. 36 ದಿನದ ತಪ್ಪನ್ನು ಐದು ವರ್ಷದ್ದು ಮಾಡಿಕೊಳ್ಳುವುದು ಯಾವ ಜಾಣತನ?

ಆಮೇಲೆ ನಾಲ್ಕು ತಿಂಗಳು ಸಂಬಳವಿಲ್ಲ. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ರಜೆ ಎಂದು ಬರೆದುಕೊಂಡರು. ಒಂಟಾರಿಯೊದ ಆರೋಗ್ಯ ಕಾರ್ಡ್ ಕೂಡ ಪರ್ಮಿಟ್‌ಗೆ ಅಂಟಿಕೊಂಡದ್ದು, ಆದ್ದರಿಂದ ಹಲ್ಲುನೋವು, ಜ್ವರ ಎಲ್ಲವನ್ನೂ ಕಷಾಯದಲ್ಲೇ ಮುಗಿಸಿದೆ. (ಹಲ್ಲು ಆ ಕಾರ್ಡ್‌ಗೆ ಹೇಗೂ ಸೇರುವುದಿಲ್ಲ, ಆದರೂ ಲೆಕ್ಕಕ್ಕಿರಲಿ.) ಹಾಸನದವನು ನನ್ನ ಪಾಲಿನ ಬಾಡಿಗೆ ಕಟ್ಟಿದ.

ತಂಗಿಯ ಮದುವೆ 2019ರ ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ಆಯಿತು. ಟಿಕೆಟ್ ಸೆಪ್ಟೆಂಬರ್‌ನಲ್ಲೇ ಕೊಂಡಿದ್ದೆ. ರೆಸ್ಟೊರೇಷನ್ ಕೇಳುವುದು ಕೆನಡಾದ ಒಳಗಿದ್ದವರಿಗೆ ಮಾತ್ರ. ಹೊರಟುಹೋದರೆ ಆ ದಾರಿ ಅಲ್ಲಿಗೆ ಮುಗಿಯಿತು, ಮತ್ತೆ ಬರಲು ಹೊಸ ವೀಸಾ ಬೇಕು. ಮುಹೂರ್ತ ಬೆಳಗ್ಗೆ ಹತ್ತೂವರೆಗೆ, ಅಂದರೆ ಇಲ್ಲಿ ನಡುರಾತ್ರಿ ಹನ್ನೆರಡು. ಚಿಕ್ಕಪ್ಪನ ಮಗ ಮೊಬೈಲ್ ಹಿಡಿದು ತೋರಿಸುತ್ತಿದ್ದ. ಧಾರೆ ಎರೆಯುವ ಹೊತ್ತಿಗೆ ಯಾರೋ ಅವನಿಗೆ ಅಕ್ಷತೆ ಕೊಟ್ಟರು, ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ನಾನು ಕಂಡದ್ದು ಕತ್ತಲು, ಕೇಳಿಸಿದ್ದು ಗಟ್ಟಿಮೇಳ.

ಮಾರ್ಚ್ ಕೊನೆಗೆ ಸ್ಟೇಟಸ್ ಮರಳಿತು, ಜೂನ್‌ವರೆಗಿನ ಪರ್ಮಿಟ್ ಬಂತು. ಪಿಆರ್ ಕಡತದಿಂದ ಆ 36 ದಿನದ ಬಗ್ಗೆ ವಿವರಣೆ ಕೇಳಿ ಪತ್ರ ಬಂದಿತ್ತು, ಅದೇ ಒಂದು ಪುಟವನ್ನೇ ಉತ್ತರವಾಗಿ ಕಳುಹಿಸಿದೆವು. ಮೇ ತಿಂಗಳಲ್ಲಿ ಪಿಆರ್ ಆಯಿತು. ನನ್ನ ಅಧಿಕಾರಿ ನಂಬಿದರು ಎಂದು ನಿಮ್ಮವರೂ ನಂಬುತ್ತಾರೆಂದು ಹೇಳಲಾರೆ. ನನಗೆ ತಿಳಿದ ಕ್ಷಣಕ್ಕೂ ನಿಲ್ಲಿಸಿದ ಕ್ಷಣಕ್ಕೂ ನಡುವೆ ಒಂದು ಮಧ್ಯಾಹ್ನವಷ್ಟೇ ಇತ್ತು. ನಿಮಗೆ ಮೊದಲ ದಿನದಿಂದಲೇ ತಿಳಿದಿದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಒಳ್ಳೆಯ ವಕೀಲರ ಬಳಿ ಹೋಗಲು ಹೇಳುತ್ತಿದ್ದೇನೆ. ಕನ್ಸಲ್ಟೆಂಟ್ ಆದರೆ ಪರವಾನಗಿ ಇದೆಯೇ ಎಂದು ಅವರಿಗೆ ಪರವಾನಗಿ ಕೊಡುವ, ಕಾಲೇಜ್ ಎಂದೇ ಕರೆಯುವ ನಿಯಂತ್ರಣ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿ.

ಇನ್ನೆರಡು ಮಾತು. ನಿಮ್ಮಂಥವರಿಗೆ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್ ಎಂಬುದಿದೆ, ಪಿಆರ್ ಬರುವವರೆಗಿನ ಸೇತುವೆ. ನನ್ನ ಕಾಲದಲ್ಲಿ ಅದಕ್ಕೆ ಜೀವವಿರುವ ಪರ್ಮಿಟ್ ಬೇಕಿತ್ತು. ಈಗ ಸ್ಟೇಟಸ್ ಮರಳಿ ಪಡೆಯಲು ಅರ್ಹತೆ ಉಳಿದಿರುವವರೂ ರೆಸ್ಟೊರೇಷನ್ ಜೊತೆಗೆ ಅದನ್ನು ಕೇಳಬಹುದು. ಅದನ್ನೇ ಕೇಳಿ. ಯಾವ ಪರ್ಮಿಟ್‌ಗೂ ಅರ್ಹತೆ ಇಲ್ಲವೆಂದಾದರೆ ಕಡೆಗೆ ವಿಸಿಟರ್ ಆಗಿಯಾದರೂ ಸ್ಟೇಟಸ್ ಕೇಳಿ, ದುಡಿಯಲಾಗದಿದ್ದರೂ ಇಲ್ಲಿ ಇರಲಾದರೂ ಆಗುತ್ತದೆ. ಇನ್ನು ಅಮೆರಿಕದ ಗಡಿಗೆ ಹೋಗಿ ತಿರುಗಿ ಬಂದು ಅಲ್ಲೇ ಪರ್ಮಿಟ್ ಪಡೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2024ರ ಡಿಸೆಂಬರ್ 23ರ ರಾತ್ರಿಗೆ ಅದನ್ನು ನಿಲ್ಲಿಸಿದ್ದಾರೆ. 90 ದಿನ ದಾಟಿದರೂ ಆಗುತ್ತದೆ, ಕಾಯುತ್ತಲೇ ಕೆಲಸ ಮಾಡಬಹುದು ಎಂಬ ಹಳೆಯ ಉತ್ತರಗಳೂ ನಿಮಗೆ ಸಿಗುತ್ತವೆ. ಅವು ಕೊರೋನಾ ಕಾಲದ ತಾತ್ಕಾಲಿಕ ರಿಯಾಯಿತಿಯನ್ನು ನೋಡಿ ಬರೆದವು, ಅದು ಮುಗಿದು ವರ್ಷಗಳಾದವು.

38 ದಿನ ಎಂದು ಬರೆದಿದ್ದೀರಿ. ನೀವು ಪ್ರಶ್ನೆ ಹಾಕಿದ್ದು ಮೊನ್ನೆ. ಅಂದರೆ ಇವತ್ತಿಗೆ 40.