ಕಾವಿಗೆ ಕೂತ ಹಾವನ್ನು ಎಬ್ಬಿಸಬೇಕೆ?

ಓದುಗರ ಪತ್ರ: ನಾನಿರುವುದು ಅಮೆರಿಕದಲ್ಲಿ. ಸಾಕಿರುವ ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಮೊನ್ನೆ ಆರು ಮೊಟ್ಟೆಯಿಟ್ಟು ಅವನ್ನು ಸುತ್ತಿಕೊಂಡು ಕೂತಿದೆ. ಮೊಟ್ಟೆಗಳನ್ನು ಇನ್‌ಕ್ಯುಬೇಟರಿಗೆ ಹಾಕಲೇಬೇಕು ಅನ್ನುತ್ತಾರೆ ಗೆಳೆಯರು. ಅದರ ಪಾಡಿಗೆ ಬಿಟ್ಟರೆ ಮರಿಯಾಗುವುದೆ?

ಸಂಪಾದಕರ ಉತ್ತರ: ಆಗುತ್ತದೆ. ಹಾವು ಮೈ ತುಂಬಿಕೊಂಡಿದ್ದರೆ ಬಿಟ್ಟುಬಿಡಿ. ಬೆನ್ನುಮೂಳೆ ಏಣಿನಂತೆ ಎದ್ದು ಕಾಣುತ್ತಿದ್ದರೆ ಮಾತ್ರ ಮೊಟ್ಟೆ ತೆಗೆಯಿರಿ. ಏಕೆಂದರೆ ಮುಂದಿನ ಸುಮಾರು ಎರಡು ತಿಂಗಳು ಅದಕ್ಕೆ ಹೆಚ್ಚುಕಡಿಮೆ ಉಪವಾಸವೇ.

ಕೋಳಿಯ ಹಾಗೆ ಈ ಹಾವು ಮೊಟ್ಟೆಗೆ ಮೈಬಿಸಿ ಕೊಡುವುದಿಲ್ಲ. ನಮ್ಮ ಕಾಡಿನ ಹೆಬ್ಬಾವು, ಬರ್ಮಾ ಹೆಬ್ಬಾವುಗಳು ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತವೆ. ಕಾವಿಗೆ ಕೂತ ಹೆಬ್ಬಾವಿನ ಬಿಸಿಯನ್ನು 1841ರಷ್ಟು ಹಿಂದೆಯೇ ಪ್ಯಾರಿಸ್‌ನಲ್ಲಿ ಅಳೆದಿದ್ದರು. (ನಮ್ಮ ಹೆಬ್ಬಾವನ್ನು ಭಾರತದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಇಲ್ಲಿನ ಓದುಗರು ಮರೆಯಬಾರದು.) ಬಾಲ್ ಪೈಥಾನ್‌ಗೆ ಆ ವಿದ್ಯೆ ಇಲ್ಲ. ಘಾನಾ, ಟೋಗೊ, ಬೆನಿನ್‌ಗಳಲ್ಲಿ ಅದು ಬಿಲದೊಳಗೆ ಮೊಟ್ಟೆಯಿಡುತ್ತದೆ, ಬಿಸಿಯನ್ನು ಮಣ್ಣೇ ಕೊಡುತ್ತದೆ. ತಾಯಿ ಕಾಯುವುದು ತೇವವನ್ನು. ಮೊಟ್ಟೆಯ ಸಿಪ್ಪೆ ತೊಗಲಿನಂತೆ ಮೆತ್ತಗಿರುವುದರಿಂದ ಒಣಗಾಳಿಗೆ ನೀರಾರಿ ತಗ್ಗು ಬೀಳುತ್ತದೆ. ಆ ಗಾಳಿ ತಾಗದಂತೆ ಸುರುಳಿಯೇ ಮುಚ್ಚಳವಾಗುತ್ತದೆ.

ಆದ್ದರಿಂದ ಬಿಸಿಯ ಹೊಣೆ ನಿಮ್ಮದು. ಒಂದೇ ಬಾಗಿಲಿನ ಮುಚ್ಚಿದ ಪೆಟ್ಟಿಗೆಯಲ್ಲಿ, ಸುರುಳಿಯ ಪಕ್ಕದಲ್ಲಿ 30ರಿಂದ 31 ಡಿಗ್ರಿ ಸೆಲ್ಸಿಯಸ್ ಇರಲಿ. ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಮೊಟ್ಟೆಯ ನೇರ ಅಡಿಗೆ ಬೇಡ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಬೇಡವೇ ಬೇಡ. ಅದರ ಸೆನ್ಸರನ್ನು ಗೋಡೆಗೆ ಭದ್ರವಾಗಿ ಬಿಗಿಯಿರಿ. ಹಾವು ಅದನ್ನು ಮೂಲೆಗೆ ತಳ್ಳಿದರೆ ಅಲ್ಲಿನ ತಂಪನ್ನೇ ನಂಬಿ ಮ್ಯಾಟ್ ಉರಿಯುತ್ತಲೇ ಇರುತ್ತದೆ, ಮೊಟ್ಟೆ ಬೆಂದುಹೋಗುತ್ತದೆ. 33 ದಾಟಿದರೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುವ, ಮೊಟ್ಟೆಯಲ್ಲೇ ಸಾಯುವ ಭಯ. ಸೆನ್ಸರ್ ಬಿಗಿಯಲು ಅಂಟುಟೇಪ್ ಬಳಸಲೇಬೇಡಿ, ಹುರುಪೆಗೆ ಅಂಟಿ ಚರ್ಮವನ್ನೇ ಕಿತ್ತುಬಿಡುತ್ತದೆ.

ತೇವಕ್ಕೆ ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ಹನಿ ಬೀಳದಷ್ಟು ಹಿಂಡಿ ಸುರುಳಿಯ ಸುತ್ತ ಹಾಸಿ. ಮೊಟ್ಟೆಯ ಮೇಲೆ ನೀರು ಚಿಮುಕಿಸಬೇಡಿ. ಕುಡಿಯುವ ನೀರು ಹತ್ತಿರದಲ್ಲೇ ಇರಲಿ. ಜೀವಂತ ಇಲಿ ಬಿಡಬೇಡಿ, ಕಾವು ಬಿಟ್ಟೇಳದ ಹಾವನ್ನು ಇಲಿಯೇ ಕಚ್ಚುತ್ತದೆ.

ಇನ್ನು ಹಾವನ್ನೇ ಓದಿ. ಮೊಟ್ಟೆ ಕಾಣದಷ್ಟು ಬಿಗಿದು, ತಲೆ ಮೇಲಿಟ್ಟು ಮಲಗಿದ್ದರೆ ಎಲ್ಲ ಸರಿ. ಆಗಾಗ ಸ್ವಲ್ಪ ಸಡಿಲಿಸುವುದು ಸಹಜ, ಮೊಟ್ಟೆಗೂ ಗಾಳಿಯಾಡಬೇಕಲ್ಲ. ದಿನವಿಡೀ ಸಡಿಲ ಬಿಟ್ಟರೆ, ಇಲ್ಲವೇ ಮೊಟ್ಟೆ ತೊರೆದು ಅಲೆದರೆ, ಮೊದಲು ಥರ್ಮಾಮೀಟರ್ ನೋಡಿ. ತೆಗೆಯಲೇಬೇಕಾದರೆ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಹಾಗೇ ಎತ್ತಿ. ಭ್ರೂಣ ಮೇಲ್ಗಡೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸಾಯಬಹುದು. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ.

ಕೊನೆಯ ಎರಡು ವಾರ ಮೊಟ್ಟೆ ತಗ್ಗು ಬಿದ್ದರೆ ಗಾಬರಿ ಬೇಡ. ಮೊದಲೇ ಬಿದ್ದರೆ ತೇವ ಸಾಲದು. ಸುಮಾರು 60ನೇ ದಿನಕ್ಕೆ ಸಿಪ್ಪೆ ಸೀಳಿ ಮೂತಿ ಕಾಣುತ್ತದೆ. ಮರಿ ಒಂದೆರಡು ದಿನ ಹಾಗೇ ಕೂತು ಉಳಿದ ಹಳದಿಯನ್ನು ಹೀರಿಕೊಳ್ಳುತ್ತದೆ, ಎಳೆಯಬೇಡಿ. ಮರಿಗಳೆಲ್ಲ ಹೊರಬಂದ ಮೇಲೆ ತಾಯಿಯ ಮೈಯನ್ನೂ ಪೆಟ್ಟಿಗೆಯನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮೊಟ್ಟೆಯ ವಾಸನೆ ಉಳಿದರೆ ಅದು ಖಾಲಿ ಜಾಗವನ್ನೇ ಸುತ್ತಿಕೊಂಡು ಕೂತು, ಇಲಿ ಕೊಟ್ಟರೂ ಮುಟ್ಟುವುದಿಲ್ಲ.