‘ಮತ್ತೆ ಬರ್ತೀನಿ’ ಅಂದುಬಿಟ್ಟೆ, ಮೇಡಂ

ಕೃಪಾ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಿದ್ದು ಜುಲೈ ಕೊನೆಗೆ. ಹೆಸರು, ಕೆಲಸ ಮತ್ತು ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ವಯಸ್ಸು 27, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮೂಲ ಧಾರವಾಡದ ಕಡೆ. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆ.

‘ಪ್ರಾರ್ಥನೆ ಬರ್ತಿಲ್ಲ ಮೇಡಂ’ ಅಂದಳು. ಅವಳ ಅಮ್ಮ ಜೊತೆಗೇ ಬಂದಿದ್ದರು. ‘ಕೀನ್ಯಾದಿಂದ ಬಂದಾಗಿಂದ ಹಿಂಗ ಆಗ್ಯಾಳ್ರೀ. ತಾಟಿನ ಮುಂದ ಕುಂತ್ರ ಅನ್ನ ಆರೂತನಕ ನೋಡ್ಕೋತ ಕುಂಡ್ರತಾಳ.’

ಏಪ್ರಿಲ್ ರಜೆಯಲ್ಲಿ ಅವರ ಚರ್ಚಿನ ಸಭೆಯ 11 ಯುವಕ ಯುವತಿಯರು ಕೀನ್ಯಾದ ಪಶ್ಚಿಮ ಭಾಗಕ್ಕೆ, ಕಿಸುಮು ಪಟ್ಟಣದ ಆಚೆ, 12 ದಿನದ ಮಿಷನ್ ಟ್ರಿಪ್ ಹೋಗಿದ್ದರು. ಒಂದು ಮಕ್ಕಳ ಆಶ್ರಮದಲ್ಲಿ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ನಡೆಸುವುದು, ಸುತ್ತಲಿನ ಮನೆಗಳಿಗೆ ಹೋಗಿ ಪ್ರಾರ್ಥನೆ ಮಾಡುವುದು, ಇಷ್ಟು ಕೆಲಸ. ಅರ್ಧ ಖರ್ಚು ಅವಳದು, ಇನ್ನರ್ಧ ಸಭೆಯವರ ಕಾಣಿಕೆ. ಅದಕ್ಕೇ ವಾಪಸ್ ಬಂದ ಮೇಲೆ ಆರಾಧನೆಯಲ್ಲಿ ಸಾಕ್ಷಿ, ಅಂದರೆ ತನ್ನ ಅನುಭವ, ಹೇಳಬೇಕಿತ್ತು. ಮೂರು ಸಲ ಮುಂದೂಡಿದ್ದಳು.

ನಾನು ಮೊದಲು ಕೇಳಿದ್ದು ಜ್ವರದ ಬಗ್ಗೆ. ವಿಕ್ಟೋರಿಯಾ ಸರೋವರದ ಆ ಸೀಮೆಯಲ್ಲಿ ಮಲೇರಿಯಾ ಜಾಸ್ತಿ. ಹೋಗಿ ಬಂದವರಿಗೆ ಜ್ವರ, ಸುಸ್ತು ಇದ್ದರೆ ರಕ್ತ ಪರೀಕ್ಷೆ ಆಗಲೇಬೇಕು. ಬೇಜಾರು ಅಂದ ತಕ್ಷಣ ಎಲ್ಲವೂ ಮನಸ್ಸಿನದೇ ಅಂದುಕೊಳ್ಳಬಾರದು. ಪರೀಕ್ಷೆ ಆಗಿತ್ತು, ಏನೂ ಇರಲಿಲ್ಲ. ನಿದ್ದೆ ಕಡಿಮೆ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದಳು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಬಡತನ ನೋಡಿ ಬಂದವರಿಗೆ ಇಲ್ಲಿನ ಶಾಪಿಂಗ್ ಮಾಲು, ಇಲ್ಲಿನ ಊಟ ಎಲ್ಲ ಹೇಸಿಗೆ ಅನಿಸುತ್ತದೆ, ದಿನ ಕಳೆದಂತೆ ಸರಿಹೋಗುತ್ತದೆ ಅಂತ ಮಾಮೂಲಿ ಮಾತು ಹೇಳಿದೆ. ಅವಳೂ ಮಾಮೂಲಿ ಮಾತನ್ನೇ ಹೇಳಿದಳು: ‘ಅವರ ಹತ್ತಿರ ಏನೂ ಇಲ್ಲ ಮೇಡಂ, ಆದ್ರೂ ಎಷ್ಟು ಖುಷಿಯಾಗಿದ್ದಾರೆ.’ ಟ್ರಿಪ್ ಹೋಗಿ ಬಂದವರೆಲ್ಲ ಹೇಳುವ ಮಾತು ಅದು. ಅವಳ ಮುಖ ನೋಡಿದರೆ ಅವಳಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಒಂದು ಗಂಟೆ ಸುಮ್ನೆ ಹೋಯಿತು.

ಎರಡನೇ ಸಲ ಬೇರೆ ಕಡೆಯಿಂದ ಶುರು ಮಾಡಿದೆ. ‘ಅಲ್ಲಿ ಏನು ಊಟ ಹಾಕಿದ್ರು?’

ಅವಳ ಮುಖ ಅರಳಿತು. ಜೋಳದ ರೊಟ್ಟಿಯ ಹುಡುಗಿ, ಬೆಂಗಳೂರಿಗೆ ಬಂದು ಐದು ವರ್ಷವಾದರೂ ಮುದ್ದೆ ನುಂಗಲು ಕಲಿಯದವಳು, ಅಲ್ಲಿ ಉಗಾಲಿ ತಿಂದಿದ್ದಳು. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ ಅದು. ಒಂದು ಮನೆಗೆ ಇವರು ಪ್ರಾರ್ಥನೆಗೆ ಹೋದರೆ, ಆ ಮನೆಯ ಹೆಂಗಸು ಅಂಗಳದಲ್ಲಿ ಓಡಾಡುತ್ತಿದ್ದ ಕೋಳಿಯನ್ನು ಹಿಡಿದು ಕೊಯ್ದೇಬಿಟ್ಟರಂತೆ. ಆ ಸೀಮೆಯ ಲುಹ್ಯಾ ಜನರಲ್ಲಿ ನೆಂಟರಿಗೆ ಕೋಳಿ ಮಾಡುವುದೆಂದರೆ ದೊಡ್ಡ ಮರ್ಯಾದೆ. ಬೇಡ ಅನ್ನಬೇಕೋ, ತಿನ್ನಬೇಕೋ ಕೃಪಾಗೆ ಗೊತ್ತಾಗಲಿಲ್ಲ. ತಿಂದಳು. ಊಟದ ಮೇಲೆ ಆಕೆಯೇ ಇವಳ ತಲೆ ಮೇಲೆ ಕೈಯಿಟ್ಟು ಉದ್ದಕ್ಕೆ ಪ್ರಾರ್ಥನೆ ಮಾಡಿದರು. ಇವರು ಕಲಿತು ಹೋಗಿದ್ದ ಅಲ್ಲಿನ ಸ್ವಾಹಿಲಿ ಭಾಷೆಯ ನಾಲ್ಕು ಸಾಲಿನ ಪ್ರಾರ್ಥನೆ ಚೀಲದಲ್ಲೇ ಉಳಿಯಿತು.

‘ಆಕೆ ಅಜ್ಜಿ ಕಾಲದಿಂದ ಕ್ರೈಸ್ತರಂತೆ. ನಾವು ಯಾರಿಗೆ ಏನು ಹೇಳೋಕೆ ಹೋಗಿದ್ವಿ?’ ಅಂತ ಕೇಳಿದಳು.

ನ್ಯಾಯವಾದ ಪ್ರಶ್ನೆ. 2019ರ ಜನಗಣತಿ ಪ್ರಕಾರ ಕೀನ್ಯಾದಲ್ಲಿ ನೂರಕ್ಕೆ 85ರಷ್ಟು ಜನ ಕ್ರೈಸ್ತರು. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಎರಡೂ ಇಲ್ಲ. ‘ಯಾರೂ ಹೋಗದ ಜಾಗ’ ಅಂತ ಯೂತ್ ಮೀಟಿಂಗಿನಲ್ಲಿ ಹೇಳಿ ಕಳಿಸಿದ್ದರಂತೆ. ಭಾರತದಿಂದ ಹೋದ ಕೂಲಿಗಳು ದುಡಿದ ರೈಲು ಹಳಿ ಕಿಸುಮು ಮುಟ್ಟಿದ್ದೇ 1901ರಲ್ಲಿ. ಇವಳನ್ನು ನೋಡಿದ ಮಕ್ಕಳು ‘ಮುಹಿಂದಿ, ಮುಹಿಂದಿ’ (ಭಾರತದವಳು) ಅಂತ ಕೂಗಿದ್ದೂ ಅದಕ್ಕೇ. ನಮ್ಮವರು ಅವರಿಗೆ ಹೊಸಬರಲ್ಲ.

ನಿಜವಾದ ಗಂಟು ಬಿಚ್ಚಿದ್ದು ಮೂರನೇ ಸಲ. ವಿಬಿಎಸ್‌ನ ಮೊದಲ ದಿನ ಅವಳು ಒಂದು ಆಕ್ಷನ್ ಸಾಂಗ್ ಕಲಿಸಲು ನಿಂತಳು. ಇವಳು ಕೈ ಎತ್ತುವ ಮೊದಲೇ ಮುಂದಿನ ಸಾಲಿನ ಒಂದು ಹುಡುಗಿ, ಆರು ವರ್ಷ ಇರಬಹುದು, ಕೈ ಎತ್ತಿದಳು. ಮುಂದಿನ ಆಕ್ಷನ್ ಕೂಡ ಮೊದಲೇ ಮಾಡಿದಳು. ಮಕ್ಕಳಿಗೆಲ್ಲ ಅದು ಬರುತ್ತಿತ್ತು. ರಜೆ ಬಂದಾಗಲೆಲ್ಲ ಯಾವುದೋ ದೇಶದ ಒಂದು ತಂಡ ಬಂದು ಅದನ್ನೇ ಕಲಿಸಿ ಹೋಗುತ್ತಿತ್ತು.

ಆ ಹುಡುಗಿ 12 ದಿನವೂ ಇವಳ ಕೈಬೆರಳು ಬಿಡಲಿಲ್ಲ. ಹೊರಡುವ ದಿನ ಇವಳು ಅಳುತ್ತಾ ‘ಮತ್ತೆ ಬರ್ತೀನಿ’ ಅಂದಳು. ಮಗು ಅಳಲಿಲ್ಲ. ‘ಆಗಸ್ಟಾ, ಡಿಸೆಂಬರಾ?’ ಅಂತ ಕೇಳಿತು. ಅಲ್ಲಿನ ಶಾಲೆಗಳಿಗೆ ಏಪ್ರಿಲ್ ಆದ ಮೇಲೆ ರಜೆ ಬರುವುದು ಆಗಲೇ.

‘ಬಾಯಿಗೆ ಬಂದಿದ್ದು ಡಿಸೆಂಬರ್ ಮೇಡಂ. ನನಗೆ ರಜೆ ಇಲ್ಲ, ದುಡ್ಡೂ ಇಲ್ಲ. ದೇವರ ಸೇವೆಗೆ ಹೋಗಿ ಮಗು ಹತ್ತಿರ ಸುಳ್ಳು ಹೇಳಿ ಬಂದೆ.’

ಇಷ್ಟು ಗೊತ್ತಾದ ಮೇಲೆ ನನಗೆ ಇದು ನಂಬಿಕೆ ಹೋದ ಕಥೆ ಅನಿಸಲಿಲ್ಲ. ನಂಬಿಕೆ ಇಲ್ಲದವಳಿಗೆ ಇದು ಚುಚ್ಚುತ್ತಿರಲಿಲ್ಲ. ಮೊಣಕಾಲೂರಿದಾಗಲೆಲ್ಲ ಆ ಮಾತೇ ಎದುರಿಗೆ ಬಂದು ನಿಲ್ಲುತ್ತಿತ್ತು, ಅಷ್ಟೇ.

ಒಂದು ಕಹಿ ಮಾತನ್ನೂ ಹೇಳಬೇಕಾಯಿತು. ಆಶ್ರಮದ ಮಕ್ಕಳು ಹೊಸಬರನ್ನು ಕಂಡ ತಕ್ಷಣ ಓಡಿ ಬಂದು ಅಪ್ಪಿಕೊಳ್ಳುವುದು ಯಾವಾಗಲೂ ಪ್ರೀತಿಯಲ್ಲ. ಕೈಗೆ ಸಿಕ್ಕವರು ಮೇಲಿಂದ ಮೇಲೆ ಬಿಟ್ಟು ಹೋಗುವಾಗ ಮಗು ಯಾರಿಗಾದರೂ ಜೋತು ಬೀಳುವುದನ್ನು ಕಲಿಯುತ್ತದೆ. ಇಂಥ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ಹೆತ್ತವರೋ ಬಂಧುಗಳೋ ಇರುತ್ತಾರೆ, ಕಳಿಸಿದ್ದು ಬಡತನ. ಕೀನ್ಯಾ ಸರ್ಕಾರವೇ 2017ರಲ್ಲಿ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. ಮಕ್ಕಳನ್ನು ಕುಟುಂಬಗಳಿಗೆ ಸೇರಿಸಲು 2022ರಲ್ಲಿ ಹತ್ತು ವರ್ಷದ ಯೋಜನೆಯನ್ನೂ ತಂದಿತು. ಕೃಪಾ ತುಂಬಾ ಹೊತ್ತು ಮಾತಾಡಲಿಲ್ಲ.

ಸಲಹೆ ಅಂತ ಕೊಟ್ಟಿದ್ದು ಹೆಚ್ಚೇನಲ್ಲ. ಮಗುವಿಗೆ ನೇರವಾಗಿ ಫೋನು, ವಿಡಿಯೊ ಕಾಲ್ ಬೇಡ. ಆಶ್ರಮದ ಮೇಲ್ವಿಚಾರಕರಿಗೆ ಮೇಲ್ ಬರೆಯಿರಿ: ‘ನಾನು ಡಿಸೆಂಬರಿನಲ್ಲಿ ಬರೋದಿಲ್ಲ, ಹಾಗೆ ಹೇಳಿದ್ದು ನನ್ನ ತಪ್ಪು, ಮಗುವಿಗೆ ಈಗಲೇ ತಿಳಿಸಿ.’ ಅವಳಿಗೆ ಹತ್ತಿರದವರು ಯಾರಿದ್ದಾರೆ ಅಂತ ಕೇಳಿ. ಹಣ ಕಳಿಸುವ ಮನಸ್ಸಿದ್ದರೆ, ಮಗುವನ್ನು ಮನೆಗೆ ಕರೆದುಕೊಳ್ಳುವವರಿಗೆ ಸಹಾಯವಾಗುವಂತೆ ಕಳಿಸಿ. ಪ್ರಾರ್ಥನೆಯನ್ನು ಬಲವಂತ ಮಾಡಬೇಡಿ. ಅಮ್ಮ ಇಲ್ಲಿರುವಷ್ಟು ದಿನ ಸಂಜೆ ಅವರು ಮಾಡಲಿ, ನೀವು ಆಮೆನ್ ಅನ್ನಿ ಸಾಕು.

ಬೈಬಲನ್ನು ನಾನಾಗಿ ತೆಗೆಯುವುದಿಲ್ಲ. ಅವಳೇ ತಂದಿದ್ದಳು. ಹಳದಿ ಜ್ವರದ ಲಸಿಕೆಯ ಕಾರ್ಡು ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಗುರುತಿಗೆ ಇತ್ತು. ಹೊರಡುವ ಮೊದಲು ತಂಡದವರು ಓದಿದ ಭಾಗವಂತೆ. ಅಲ್ಲೂ ಯೇಸು 70 ಮಂದಿಯನ್ನು ಸ್ವಲ್ಪ ದಿನದ ಮಟ್ಟಿಗೇ ಕಳಿಸುತ್ತಾನೆ. ದುಡ್ಡಿನ ಚೀಲ ಬೇಡ, ಜೋಳಿಗೆ ಬೇಡ, ಚಪ್ಪಲಿಯೂ ಬೇಡ, ಮುಂದೆ ಇಟ್ಟಿದ್ದನ್ನು ತಿನ್ನಿ ಅನ್ನುತ್ತಾನೆ. ‘ನಾವು ತಲೆಗೆ ಎರಡು ಸೂಟ್‌ಕೇಸ್ ತಗೊಂಡು ಹೋಗಿದ್ವಿ. ಬಲೂನು, ಕ್ರೆಯಾನ್ಸು’ ಅಂದು ಮೊದಲ ಸಲ ನಕ್ಕಳು.

ಅವಳ ಅಮ್ಮನ ಚರ್ಚು ಬಾಸೆಲ್ ಮಿಷನ್ ಕಾಲದ್ದು. ಅದೇ ಮಿಷನ್‌ನಿಂದ ಕಿಟ್ಟೆಲ್ ಈ ನಾಡಿಗೆ ಬಂದಿದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅಷ್ಟು ವರ್ಷ ಕೊಡಿ ಅಂತ ನಾನು ಹೇಳಲಿಲ್ಲ. 12 ದಿನಕ್ಕೆ ಹೋದವರು ಕಲಿಸಿ ಬರಬೇಕಿತ್ತು ಅನ್ನುವ ಲೆಕ್ಕ ಬಿಡಿ, ನೆಂಟರಾಗಿ ಹೋಗಿದ್ದಿರಿ ಅಂದೆ. ಸಾಕ್ಷಿಯಲ್ಲಿ ಕೊಟ್ಟಿದ್ದನ್ನು ಹೇಳಬೇಡಿ, ಸಿಕ್ಕಿದ್ದನ್ನು ಹೇಳಿ, ಮಕ್ಕಳ ಫೋಟೊ ತೋರಿಸಬೇಡಿ ಅಂತಲೂ ಅಂದೆ.

ಸೆಪ್ಟೆಂಬರಿನಲ್ಲಿ ಸಾಕ್ಷಿ ಹೇಳಿದಳು. ಡಿಸೆಂಬರಿನ ಮಾತನ್ನೂ ಮುಚ್ಚಿಡಲಿಲ್ಲ. ಕೆಲವರಿಗೆ ಇಷ್ಟವಾಗಲಿಲ್ಲವಂತೆ, ‘ಇಷ್ಟು ದುಡ್ಡು ಕೊಟ್ಟು ಕಳಿಸಿದ್ದು ಕೋಳಿ ತಿನ್ನೋಕಾ’ ಅಂದರಂತೆ. ಆಶ್ರಮದಿಂದ ಎರಡು ಸಾಲಿನ ಉತ್ತರ ಬಂದಿತ್ತು: ಹುಡುಗಿಗೆ ಒಬ್ಬ ಚಿಕ್ಕಮ್ಮ ಇದ್ದಾರೆ, ಮಾತುಕತೆ ನಡೀತಿದೆ. ಪ್ರಾರ್ಥನೆ ಇನ್ನೂ ಪೂರ್ತಿ ಬಂದಿಲ್ಲ ಅಂದಳು.

ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು, ಸಣ್ಣ ನೋಟ್‌ಬುಕ್ ತೆರೆದು ಬಂದರಂತೆ. ‘ಆ ಕೋಳಿ ಮಾಡಿದ ತಾಯಿ ಹೆಸರೇನಮ್ಮ? ದಿನಾ ಪ್ರಾರ್ಥನೆಗೆ ಬರ್ಕೋತೀನಿ.’

ಕೃಪಾಗೆ ಹೆಸರು ಗೊತ್ತಿರಲಿಲ್ಲ. ಎಲ್ಲರೂ ‘ಮಾಮಾ’ (ಅಲ್ಲಿ ಅಮ್ಮ ಅಂತ ಅರ್ಥ) ಅಂತಲೇ ಕರೆದಿದ್ದರು. ಅಂದು ರಾತ್ರಿಯೇ ಹೆಸರು ಕೇಳಿ ಇನ್ನೊಂದು ಮೇಲ್ ಬರೆದಳು.