ಪ್ಯಾರಿಸ್ ಮುಗಿಸಿ ನಾಲ್ಕು ದಿನ: ಲ್ವಾರ್ ಕಣಿವೆಯ ಅರಮನೆಗಳನ್ನು ಕಾರಿಲ್ಲದೆ ನೋಡಬಹುದೇ?

ನೋಡಬಹುದು, ಸೈಕಲ್ ಮತ್ತು ರೈಲಿನಲ್ಲಿ. ಸೈಕಲ್ ತುಳಿದು ಹದಿನೈದು ವರ್ಷವಾಯಿತು, ಹೆಂಡತಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು, ಅಲ್ಲಿ ಕಾರು ಓಡಿಸಲು ಧೈರ್ಯವಿಲ್ಲ, ಬರುವುದು ಜೂನ್‌ನಲ್ಲಿ ಎಂದು ಬರೆದಿದ್ದೀರಿ. ಇದ್ಯಾವುದೂ ಅಡ್ಡಿಯಲ್ಲ. ಅಡ್ಡಿ ಇರುವುದು ನಿಮ್ಮ ಪಟ್ಟಿಯಲ್ಲಿ. ನಾಲ್ಕು ದಿನಕ್ಕೆ ಒಂಬತ್ತು ಅರಮನೆ ಬರೆದುಕೊಂಡಿದ್ದೀರಿ. ಐದನ್ನು ಈಗಲೇ ಹೊಡೆದುಹಾಕಿ.

ಕೆಲಸದ ಮೇಲೆ ನಾನು ತೂರ್ ಊರಿನಲ್ಲಿ ಕೆಲವು ವರ್ಷ ಇದ್ದೆ. ಬಂದ ನೆಂಟರನ್ನೆಲ್ಲ ಈ ಅರಮನೆಗಳಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಕಾರಿನಲ್ಲಿ ಒಂದೇ ದಿನ ಮೂರು ನೋಡಿದವರಿಗೆ ಸಂಜೆ ಹೊತ್ತಿಗೆ ಯಾವ ಮಂಚ ಯಾವ ರಾಣಿಯದು ಎಂದೇ ನೆನಪಿರುತ್ತಿರಲಿಲ್ಲ. ದಿನಕ್ಕೆ ಒಂದು ಸಾಕು. ಅರಮನೆಯಷ್ಟೇ ಅಲ್ಲಿಗೆ ಹೋಗುವ ದಾರಿಯನ್ನೂ ನೋಡಬೇಕು.

ಲ್ವಾರ್ ನದಿಯ ಉದ್ದಕ್ಕೂ ಸುಮಾರು 900 ಕಿ.ಮೀ. ಸೈಕಲ್ ದಾರಿ ಇದೆ, ನೆವೇರ್ ಊರಿನ ಹತ್ತಿರದಿಂದ ಅಟ್ಲಾಂಟಿಕ್ ಕಡಲಿನವರೆಗೆ. ಅಷ್ಟೂ ನಿಮಗೆ ಬೇಡ. ಬ್ಲ್ವಾ ಮತ್ತು ಆಂಬ್ವಾಜ್ ಎಂಬ ಎರಡು ಊರುಗಳಲ್ಲಿ ಎರಡೆರಡು ರಾತ್ರಿ ಉಳಿದುಕೊಳ್ಳಿ. ಲಗೇಜು ರೂಮಿನಲ್ಲೇ ಇರುತ್ತದೆ, ನೀವು ಖಾಲಿ ಬೆನ್ನಿನಲ್ಲಿ ತುಳಿಯುತ್ತೀರಿ. ಒಂದು ಊರಿಂದ ಇನ್ನೊಂದಕ್ಕೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಪ್ಯಾರಿಸಿನ ಆಸ್ಟರ್ಲಿಟ್ಜ್ ಸ್ಟೇಷನ್ನಿನಿಂದ ಬ್ಲ್ವಾಗೆ ಎರಡು ಗಂಟೆಯೊಳಗೆ ತಲುಪುವ ನೇರ ರೈಲುಗಳಿವೆ.

ನದಿ ಪಕ್ಕದ ದಾರಿ ಬಹುತೇಕ ಸಪಾಟು. ಎಷ್ಟೋ ಕಡೆ ಪ್ರವಾಹ ತಡೆಯಲು ಕಟ್ಟಿದ ಹಳೆಯ ಏರಿಯ ಮೇಲೇ ಹೋಗುತ್ತದೆ. ಒಂದು ಕಡೆ ನೀರು, ಮರಳದಿಣ್ಣೆ, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ. ನದಿ ಬಿಟ್ಟು ಊರೊಳಗೆ ಹತ್ತುವಾಗ ಮಾತ್ರ ಏರು ಸಿಗುತ್ತದೆ. ಮಂಡಿ ನೋವಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ, ನಾಚಿಕೆ ಬೇಡ. ಅಲ್ಲಿ ಅರ್ಧ ಜನ ಅದರಲ್ಲೇ ಹೋಗುತ್ತಿರುತ್ತಾರೆ.

ಮೊದಲ ದಿನ ಶಾಂಬೋರ್. ಬ್ಲ್ವಾದಿಂದ 16-18 ಕಿ.ಮೀ. ಬಸ್ಸಿನಲ್ಲಿ ಬಂದವರು ಪಾರ್ಕಿಂಗಿನಲ್ಲಿ ಇಳಿದು, ಅಂಗಡಿಸಾಲು ದಾಟಿ, ದಿಢೀರನೆ ಅರಮನೆ ಎದುರು ನಿಲ್ಲುತ್ತಾರೆ. ಸೈಕಲ್ಲಿನಲ್ಲಿ ಬಂದವರಿಗೆ ಮೊದಲು ಸಿಗುವುದು ಒಂದು ಗೋಡೆ. 32 ಕಿ.ಮೀ. ಸುತ್ತಳತೆಯ ಗೋಡೆ! ಅದರ ಬಾಗಿಲು ದಾಟಿದ ಮೇಲೂ ಅರಮನೆ ಕಾಣಿಸುವುದಿಲ್ಲ, ಬರೀ ಕಾಡು. ಗೋಡೆಯೊಳಗೆ 5,440 ಹೆಕ್ಟೇರ್ ಇದೆ, ಅಂದರೆ 13,000 ಎಕರೆಗೂ ಜಾಸ್ತಿ. ತುಳಿಯುತ್ತಾ ತುಳಿಯುತ್ತಾ ನಿಮಗೇ ಗೊತ್ತಾಗುತ್ತದೆ, ಇಲ್ಲಿ ಮುಖ್ಯವಾಗಿದ್ದದ್ದು ಕಾಡು ಮತ್ತು ಬೇಟೆ. ಅರಮನೆ ಆಮೇಲೆ.

1519ರಲ್ಲಿ ಇದರ ಕೆಲಸ ಶುರು ಮಾಡಿಸಿದಾಗ ಮೊದಲನೆಯ ಫ್ರಾನ್ಸ್ವಾ ದೊರೆಗೆ ಇಪ್ಪತ್ತೈದರ ವಯಸ್ಸು. 440 ಕೋಣೆ, 282 ಅಗ್ಗಿಷ್ಟಿಕೆ. ಇಷ್ಟು ಕಟ್ಟಿಸಿಯೂ ತನ್ನ 32 ವರ್ಷದ ಆಳ್ವಿಕೆಯಲ್ಲಿ ಅವನು ಇಲ್ಲಿ ಕಳೆದದ್ದು ಎಲ್ಲ ಸೇರಿಸಿ ಕೆಲವೇ ವಾರ. ಆಗ ಆಸ್ಥಾನ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ದೊರೆ ಹೊರಟರೆ ಮಂಚ, ಪರದೆ, ಪಾತ್ರೆ ಎಲ್ಲವೂ ಗಾಡಿಗಳಲ್ಲಿ ಜೊತೆಗೇ ಹೊರಡುತ್ತಿದ್ದವು. ವರ್ಷದ ಹೆಚ್ಚು ದಿನ ಅರಮನೆ ಖಾಲಿ. 'ಒಳಗೆ ಏನೂ ಇಲ್ಲವಲ್ಲಾ' ಎಂದು ಗೊಣಗುವವರು ಇದನ್ನು ತಿಳಿದು ಹೋದರೆ ಒಳ್ಳೆಯದು.

ನೋಡಲೇಬೇಕಾದದ್ದು ನಡುವಿನ ಮೆಟ್ಟಿಲು. ಒಂದನ್ನೊಂದು ಸುತ್ತಿಕೊಂಡ ಎರಡು ಮೆಟ್ಟಿಲುಸಾಲು. ನೀವು ಒಂದರಲ್ಲಿ ಹತ್ತಿ, ಹೆಂಡತಿ ಇನ್ನೊಂದರಲ್ಲಿ ಹತ್ತಲಿ. ಕಿಂಡಿಗಳಲ್ಲಿ ಒಬ್ಬರಿಗೊಬ್ಬರು ಕಾಣಿಸುತ್ತೀರಿ, ದಾರಿಯಲ್ಲಿ ಮಾತ್ರ ಎದುರಾಗುವುದಿಲ್ಲ. ಇದು ಲಿಯೊನಾರ್ಡೊ ಡ ವಿಂಚಿಯ ತಲೆಯಿಂದ ಬಂದದ್ದು ಎನ್ನುವವರಿದ್ದಾರೆ. ಅದಕ್ಕೆ ದಾಖಲೆ ಇಲ್ಲ. ಅವನು 1519ರ ಮೇ ತಿಂಗಳಲ್ಲೇ ತೀರಿಕೊಂಡಿದ್ದ.

ಅಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಶಾಂಬೋರ್ ಇರುವುದು ಬ್ಲ್ವಾದ ಪೂರ್ವಕ್ಕೆ. ಹೋಗುವಾಗ ಹಿಂದಿನಿಂದ ಗಾಳಿ ತಳ್ಳುತ್ತದೆ, 'ಅಯ್ಯೋ ಇಷ್ಟೇನಾ' ಅನಿಸುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಕಾಲಿನಲ್ಲೂ ಬ್ಯಾಟರಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಉಳಿಸಿಕೊಳ್ಳಿ.

ಎರಡನೆಯ ದಿನ ಕಾಲು ಏನು ಹೇಳುತ್ತದೋ ನೋಡಿ. ಚೆನ್ನಾಗಿದ್ದರೆ ಶವೆರ್ನಿ ಅರಮನೆ. ಕಟ್ಟಿಸಿದ ಮನೆತನದವರೇ ಇನ್ನೂ ಅಲ್ಲಿ ವಾಸವಾಗಿದ್ದಾರೆ, ಆದ್ದರಿಂದ ಕೋಣೆಗಳಲ್ಲಿ ಸಾಮಾನು ತುಂಬಿದೆ, ಹೊರಗೆ ಬೇಟೆನಾಯಿಗಳ ದೊಡ್ಡ ಹಿಂಡೇ ಇದೆ. ಕಾಲು ಹಿಡಿದುಕೊಂಡಿದ್ದರೆ ಬ್ಲ್ವಾದಲ್ಲೇ ಇರಿ. ಅಲ್ಲಿನ ಅರಮನೆ ಸ್ಟೇಷನ್ನಿನಿಂದ ನಡೆಯುವಷ್ಟು ದೂರ. ಒಂದೇ ಅಂಗಳದ ಸುತ್ತ ಬೇರೆ ಬೇರೆ ಕಾಲದ ಕಟ್ಟಡಗಳು, 13ನೆಯ ಶತಮಾನದಿಂದ 17ನೆಯದರವರೆಗೆ. ಮೂರನೆಯ ಹೆನ್ರಿ ದೊರೆ 1588ರ ಡಿಸೆಂಬರಿನಲ್ಲಿ ತನ್ನ ಎದುರಾಳಿ ಗೀಜ್ ಡ್ಯೂಕನನ್ನು ಇದೇ ಅರಮನೆಗೆ ಕರೆಸಿ ಕೊಲ್ಲಿಸಿದ. ನನ್ನ ಕೇಳಿದರೆ ಶವೆರ್ನಿಗಿಂತ ಇದೇ ಮೇಲು.

ನಡಿಗೆಗೆ ಮೂರನೆಯ ದಿನ ಇಡಿ: ಆಂಬ್ವಾಜ್‌ನಿಂದ ಶನೋನ್ಸೋ ಅರಮನೆಗೆ. ದಾರಿ ನೋಡಿಕೊಂಡು 12ರಿಂದ 15 ಕಿ.ಮೀ., ಹೆಚ್ಚಿನದು ಕಾಡಿನೊಳಗೆ. ಊರು ಬಿಟ್ಟು ಸ್ವಲ್ಪ ದೂರದಲ್ಲೇ ಶಾಂತಲೂ ಪಗೋಡ ಸಿಗುತ್ತದೆ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ 44 ಮೀಟರ್ ಎತ್ತರದ ಏಳಂತಸ್ತಿನ ಪಗೋಡ! ಆಸ್ಥಾನದಿಂದ ದೂರವಿಟ್ಟಾಗ ತನ್ನ ಕೈಬಿಡದ ಗೆಳೆಯರ ನೆನಪಿಗೆ, ದೊರೆಯ ಮಂತ್ರಿಯಾಗಿದ್ದ ಶ್ವಾಜ಼ಲ್ ಡ್ಯೂಕ್ 1770ರ ದಶಕದಲ್ಲಿ ಕಟ್ಟಿಸಿದ್ದು. ಅದರ ಎದುರಿಗಿದ್ದ ದೊಡ್ಡ ಅರಮನೆಯನ್ನು 1823ರಲ್ಲಿ ಕೆಡವಿ ಕಲ್ಲು ಮಾರಿಬಿಟ್ಟರು. ಪಗೋಡ ಮಾತ್ರ ಉಳಿಯಿತು. ನೆಂಟರಲ್ಲಿ ಹೆಚ್ಚಿನವರು ಹೆಸರೇ ಕೇಳಿರದ ಈ ಜಾಗವನ್ನೇ ಜಾಸ್ತಿ ಮೆಚ್ಚಿದರು.

ಶನೋನ್ಸೋ ಶೇರ್ ನದಿಯ ಮೇಲೇ ನಿಂತಿದೆ. ಅರಮನೆಯಿಂದ ಆಚೆ ದಡಕ್ಕೆ ಸೇತುವೆ ಮಾಡಿಸಿದವಳು ಎರಡನೆಯ ಹೆನ್ರಿಯ ಪ್ರೇಯಸಿ ದಿಯಾನ್. ದೊರೆ ಸತ್ತ ಮೇಲೆ ಅವಳಿಂದ ಅರಮನೆ ಕಿತ್ತುಕೊಂಡ ರಾಣಿ ಕ್ಯಾಥರೀನ್ ಅದೇ ಸೇತುವೆಯ ಮೇಲೆ ಉದ್ದನೆಯ ಸಭಾಂಗಣ ಕಟ್ಟಿಸಿದಳು. ಸವತಿ ಕಟ್ಟಿದ್ದರ ಮೇಲೆ ತಾನು ಕುಣಿಯುವುದು ಅಂದರೆ ಇದೇ ಅಲ್ವಾ! ಮೊದಲ ಮಹಾಯುದ್ಧದಲ್ಲಿ ಆ ಸಭಾಂಗಣ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಎರಡನೆಯದರಲ್ಲಿ ಇಲ್ಲಿ ಜರ್ಮನರ ಹಿಡಿತದ ಭಾಗಕ್ಕೂ ಉಳಿದ ಫ್ರಾನ್ಸಿಗೂ ಗಡಿಯಾದದ್ದು ಇದೇ ನದಿ. ಮುಂಬಾಗಿಲು ಜರ್ಮನರ ಕಡೆ, ಸಭಾಂಗಣದ ಕೊನೆಯ ಬಾಗಿಲು ಆ ಕಡೆ. ಹಾಗೆ ದಾಟಿ ತಪ್ಪಿಸಿಕೊಂಡವರಿದ್ದಾರೆ. ನೀವೂ ಆ ಬಾಗಿಲಿನವರೆಗೆ ನಡೆಯಿರಿ, ಅರ್ಧಕ್ಕೇ ಫೋಟೋ ತೆಗೆದು ವಾಪಸ್ ಬರಬೇಡಿ. ಹಿಂತಿರುಗಲು ನಡೆಯಬೇಕಿಲ್ಲ, ಅರಮನೆಯ ಗೇಟಿನ ಪಕ್ಕದಲ್ಲೇ ಪುಟ್ಟ ರೈಲು ನಿಲ್ದಾಣ. ತೂರ್ ಕಡೆಗೆ ಹೋಗಿ ಆಂಬ್ವಾಜ್ ರೈಲು ಹಿಡಿಯಿರಿ. ಗಾಡಿಗಳು ಕಡಿಮೆ, ಬೆಳಿಗ್ಗೆಯೇ ಸಮಯ ನೋಡಿಟ್ಟುಕೊಳ್ಳಿ.

ನಾಲ್ಕನೆಯ ದಿನ ಆಂಬ್ವಾಜ್‌ನಲ್ಲೇ ಸುಮ್ನೆ ಅಡ್ಡಾಡಿ. ಲಿಯೊನಾರ್ಡೊ ಕೊನೆಗಾಲದಲ್ಲಿ ಇದ್ದ ಕ್ಲೋ ಲೂಸೆ ಮನೆ ಇದೆ. ಅವನದೆಂದು ನಂಬಿದ ಮೂಳೆಗಳಿರುವ ಸಮಾಧಿ ಅರಮನೆಯ ಪುಟ್ಟ ಚರ್ಚಿನಲ್ಲಿದೆ. ವಿಲಾಂದ್ರಿಯ ತೋಟ ನೋಡುವ ಆಸೆ ಇದ್ದರೆ ಇದೇ ದಿನ ತೂರ್‌ಗೆ ಹೋಗಿ ಅಲ್ಲಿಂದ ಸೈಕಲ್ ತುಳಿಯಬಹುದು. ಎಲೆಕೋಸು, ಬದನೆಗಳನ್ನು ರಂಗೋಲಿಯಂತೆ ನೆಟ್ಟ ತೋಟ ಅದು.

ಈಗ ಊಟ. ಹಳ್ಳಿಗಳಲ್ಲಿ ಸಸ್ಯಾಹಾರ ಕಷ್ಟ, ಇಲ್ಲವೇ ಇಲ್ಲ ಎಂದಲ್ಲ. ರಿಯೆತ್ ಎಂದು ಬರೆದದ್ದು ಸಾಮಾನ್ಯವಾಗಿ ಹಂದಿ ಮಾಂಸ, ಬ್ರೆಡ್ಡಿನ ಮೇಲೆ ಸವರಿ ಕೊಡುತ್ತಾರೆ. ಸಲಾಡಿನಲ್ಲೂ ಹಂದಿ ಚೂರು ಇರಬಹುದು, ಕೇಳಿಕೊಳ್ಳಿ. ಬದಲಿಗೆ ಸಾಂತ್-ಮೋರ್ ಎಂಬ ಮೇಕೆ ಹಾಲಿನ ಚೀಸ್ ಕೊಳ್ಳಿ. ಉದ್ದ ಉರುಳೆ, ನಡುವೆ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ. ಕಟ್ಟುನಿಟ್ಟಿನವರಾದರೆ ಇನ್ನೊಂದು ಮಾತು: ಅಲ್ಲಿನ ಸಾಂಪ್ರದಾಯಿಕ ಚೀಸ್ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿ ಮಾಡಿದ್ದು. ನಿಮಗೆ ಆಗದಿದ್ದರೆ ಬ್ರೆಡ್ಡು, ಟೊಮ್ಯಾಟೊ, ಹಣ್ಣು, ಮನೆಯಿಂದ ತಂದ ಚಟ್ನಿಪುಡಿ. ನಾವು ಎಷ್ಟೋ ಸಲ ನದಿ ದಡದಲ್ಲಿ ಕೂತು ತಿಂದದ್ದು ಇದನ್ನೇ.

ಮಧ್ಯಾಹ್ನ ಅಂಗಡಿಗಳು ಎರಡು ಗಂಟೆ ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಎಲ್ಲವೂ ಬಂದ್. ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ತಿನ್ನುವುದನ್ನು ಬೆಳಿಗ್ಗೆಯೇ ಕಟ್ಟಿಕೊಳ್ಳಿ. ನೀರು ಮುಗಿದರೆ ಊರಿನ ಸ್ಮಶಾನಕ್ಕೆ ಹೋಗಿ, ಗಿಡಕ್ಕೆ ಹಾಕಲೆಂದು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದು ಎಂಬ ಬೋರ್ಡು ಇಲ್ಲವೇ ನೋಡಿಕೊಂಡು ತುಂಬಿಸಿ. ಲ್ವಾರ್ ನೋಡಲು ಎಷ್ಟೇ ತೆಳ್ಳಗೆ ಕಂಡರೂ ಇಳಿಯಬೇಡಿ. ಮರಳು ಕುಸಿಯುತ್ತದೆ, ಸುಳಿಗಳಿವೆ.

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಆ ಬೆಳಕು ನಂಬಿ ತಡಮಾಡಬೇಡಿ, ಅರಮನೆಗಳು ಸಂಜೆ ಆರು-ಏಳಕ್ಕೇ ಮುಚ್ಚುತ್ತವೆ. ಸೈಕಲ್ಲನ್ನು ಪ್ಯಾರಿಸಿನಿಂದ ಒಯ್ಯುವ ಯೋಚನೆಯಂತೂ ಬಿಡಿ. ರೈಲಿನಲ್ಲಿ ಸೈಕಲ್ ತೂಗುಹಾಕುವ ಜಾಗ ಕೆಲವೇ ಕೆಲವು. ಬ್ಲ್ವಾದಲ್ಲೇ ಬಾಡಿಗೆಗೆ ಸಿಗುತ್ತದೆ. ಹೋಟೆಲ್ ಬುಕ್ ಮಾಡುವಾಗಲೇ ಸೈಕಲ್ಲನ್ನೂ ಬುಕ್ ಮಾಡಿ, ಹೆಂಡತಿಯವರ ಎತ್ತರ ಬರೆದು ಕಳಿಸಿ. ಸೀಟು ಸರಿ ಇಲ್ಲದಿದ್ದರೆ ಆ ಮಂಡಿಗೆ ಬ್ಯಾಟರಿಯೂ ಸಹಾಯ ಮಾಡುವುದಿಲ್ಲ.